ಆರನೆಯ ಸಾಲು

ಜಿಪಾರ್ ಆ ಸಾಲನ್ನು ಅಳಿಸಿದ್ದು ಒಂದು ಮಂಗಳವಾರ ಹಾಡಹಗಲಲ್ಲಿ, ನಾರಿನ್ ಪಟ್ಟಣದ ಕಾಲೇಜಿನ ಕಂಪ್ಯೂಟರ್ ಕೋಣೆಯಲ್ಲಿ, ಹತ್ತು ಹದಿನೈದು ಜನರ ನಡುವೆ ಕೂತು. ಕದ್ದು ಮುಚ್ಚಿ ಮಾಡಿದ್ದೇನೂ ಅಲ್ಲ. ಪಕ್ಕದವಳು ಸೂರ್ಯಕಾಂತಿ ಬೀಜ ಸುಲಿದು ಸಿಪ್ಪೆಯನ್ನು ಕಾಗದದ ಪೊಟ್ಟಣಕ್ಕೆ ತುಂಬುತ್ತಿದ್ದಳು. ಹಳ್ಳಿಯ ಸಮೀಕ್ಷೆಯ ಹದಿನೇಳನೇ ಮನೆಯ ನಮೂನೆಯಲ್ಲಿ ಆರು ಸಾಲುಗಳಿದ್ದವು. ಐದಕ್ಕೆ ಹೆಸರಿತ್ತು, ಆರನೆಯದಕ್ಕೆ ಇರಲಿಲ್ಲ. ಹೆಸರಿಲ್ಲದ ಸಾಲನ್ನು ಕಂಪ್ಯೂಟರ್ ಒಪ್ಪಲಿಲ್ಲ. ಮೂರು ಸಲ ಕೆಂಪಗಾಗಿ ಸಿಡುಕಿತು. ನಾಲ್ಕನೇ ಸಲ ಜಿಪಾರ್ ಸಾಲನ್ನೇ ಅಳಿಸಿ, ‘ಮನೆಯಲ್ಲಿರುವವರು: ಐದು’ ಎಂದು ತಿದ್ದಿ ಮುಂದಿನ ಮನೆಗೆ ಹೋದಳು.

ಆಗಲೇ ಹಿಂದೆ ಯಾರೋ ಕೆಮ್ಮಿದರು.

ತಿರುಗಿ ನೋಡಿದರೆ ಎರಡು ಮುರಿದ ಕುರ್ಚಿ, ಗೋಡೆಯುದ್ದಕ್ಕೂ ಬಿಸಿನೀರಿನ ಕೊಳವೆ, ಅಷ್ಟೇ. ಕೊಳವೆಯದೇ ಸದ್ದಿರಬೇಕು ಎಂದುಕೊಂಡಳು. ಆದರೆ ಆ ಕೆಮ್ಮು ಅವಳಿಗೆ ಪರಿಚಯದ್ದು. ಮೊದಲು ಎರಡು ಸಣ್ಣವು, ಆಮೇಲೆ ಉಸಿರು ಬಿಗಿಹಿಡಿದ ಮೌನ, ಕೊನೆಗೆ ಎದೆಯ ಬುಡದಿಂದ ಎದ್ದು ಬರುವ ಉದ್ದನೆಯದೊಂದು. ಅದನ್ನು ಅವಳು ಅಕ್ಟೋಬರಿನಲ್ಲಿ ಕರಾ-ಬುಲುಂಗ್ ಹಳ್ಳಿಯ ಆ ಹದಿನೇಳನೇ ಮನೆಯಲ್ಲೇ, ಒಲೆಯ ಹಿಂದಿನ ಕೋಣೆಯಿಂದ ಕೇಳಿದ್ದಳು.

ಸಮಾಜಕಾರ್ಯ ಓದುವ ಮೂರನೇ ವರ್ಷದವರಿಗೆ ಸಂಶೋಧನಾ ವಿಧಾನವೆಂಬ ಪಾಠ ಕಬ್ಬಿಣದ ಕಡಲೆ. ಅದನ್ನು ಕಲಿಸುತ್ತಿದ್ದವರು ಕುಲಿಪಾ. ಆ ಕಡೆ ಮೇಡಮ್ಮನನ್ನೂ ಅಕ್ಕನ ಹಾಗೆ ‘ಎಜೆ’ ಎನ್ನುವುದು ವಾಡಿಕೆ, ಇವರೂ ಎಲ್ಲರಿಗೂ ಕುಲಿಪಾ ಎಜೆಯೇ. ಪುಸ್ತಕದಲ್ಲಿ ಓದಿದರೆ ತಲೆಗೆ ಹತ್ತುವುದಿಲ್ಲ ಎಂದು ಅವರು ನಾಲ್ಕು ಜನರನ್ನು ಹಳ್ಳಿಗೆ ಅಟ್ಟಿದ್ದರು. ಚೀಟಿ ಎತ್ತಿ ಆರಿಸಿದ ನಲವತ್ತು ಮನೆ, ತಲೆಗೆ ಹತ್ತರಂತೆ. ಒಂದೊಂದು ಮನೆಯಲ್ಲಿ ಒಬ್ಬ ದೊಡ್ಡವರನ್ನು ಕೂರಿಸಿಕೊಂಡು ಎಲ್ಲರ ವಿಷಯ ಕೇಳಿ ಬರೆಯುವುದು. ಇದು ಬರೀ ಪಾಠದ ಆಟವಾಗಿರಲಿಲ್ಲ. ಹಾಸಿಗೆ ಹಿಡಿದವರಿರುವ ಮನೆಗಳ ಪಟ್ಟಿ ಜಿಲ್ಲಾ ಕಚೇರಿಗೆ ಹೋಗಬೇಕಿತ್ತು. ಪಟ್ಟಿಯಲ್ಲಿದ್ದ ಮನೆಗೆ ಜನವರಿಯಿಂದ ವಾರಕ್ಕೊಮ್ಮೆ ನರ್ಸ್ ಬರುತ್ತಾಳೆ; ಇಲ್ಲದ ಮನೆಗೆ ಬರುವುದಿಲ್ಲ.

ಹದಿನೇಳನೇ ಮನೆಯಲ್ಲಿ ಉತ್ತರ ಕೊಟ್ಟವಳು ನಾಜಿರಾ, ಆ ಮನೆಯ ಸೊಸೆ. ಗಂಡ ಚಳಿಗಾಲದ ಕೊಟ್ಟಿಗೆಗೆ ಕುರಿ ಹೊಡೆದುಕೊಂಡು ಹೋಗಿದ್ದ. ಅವಳು ಚಹಾ ಬಗ್ಗಿಸುತ್ತಾ, ತನ್ನ, ಗಂಡನ, ಮೂರು ಮಕ್ಕಳ ಹೆಸರು, ವಯಸ್ಸು, ಮಕ್ಕಳಲ್ಲಿ ಯಾರಿಗೆ ಯಾವ ಹಲ್ಲು ಬಿದ್ದಿದೆ ಎಂಬುದನ್ನೂ ಪಟಪಟ ಹೇಳಿದಳು.

“ಇನ್ಯಾರಿದ್ದಾರೆ ಎಜೆ ಮನೇಲಿ?” ಎಂದು ಜಿಪಾರ್ ಕೇಳಿದಾಗ ನಾಜಿರಾಳ ದನಿ ತಗ್ಗಿತು.

“ಒಳಗಿದ್ದಾರೆ. ನಮ್ಮೆಜಮಾನ್ರ ಅಣ್ಣ. ಮದುವೆ ಆಗ್ಲಿಲ್ಲ ಅವರು.”

“ವಯಸ್ಸು?”

“ಅರವತ್ತೊಂದು. ಕುದುರೆಯಿಂದ ಬಿದ್ದು ಮೂರು ವರ್ಷ ಆಯ್ತು. ಸೊಂಟ ಹೋಯ್ತು. ಈಗ ಎದೇನೂ ಸರಿಯಿಲ್ಲ.”

“ಹೆಸರು?”

ನಾಜಿರಾ ತಲೆವಸ್ತ್ರದ ಅಂಚನ್ನು ಬಾಯಿಗೆ ಅಡ್ಡ ಹಿಡಿದು ನಕ್ಕಳು. “ಅದೊಂದು ಮಾತ್ರ ನನ್ನ ಕೇಳ್ಬೇಡ ಕಣೇ. ನಿಂಗೊತ್ತಿಲ್ವಾ?”

ಗೊತ್ತಿಲ್ಲದೆ ಏನು! ಗಂಡನ ಕಡೆಯ ಹಿರಿಯರ ಹೆಸರನ್ನು ಸೊಸೆಯಾದವಳು ಬಾಯಿಗೆ ತರುವುದಿಲ್ಲ. ಜಿಪಾರಳ ತಾಯಿಯೂ ಅತ್ತೆಯ ಹೆಸರನ್ನು ಒಂದೇ ಒಂದು ಸಲ ಅನ್ನದೆ ಅತ್ತೆಯನ್ನು ಮಣ್ಣು ಮಾಡಿ ಬಂದವಳು. ಬೇರೆ ದೇಶದವರು ಯಾರಾದರೂ ಆ ನಮೂನೆ ಹಿಡಿದು ಬಂದಿದ್ದರೆ ನಾಚಿಕೆಗೆಟ್ಟು ಮತ್ತೆ ಮತ್ತೆ ಕೇಳಿ, ಹೇಗೋ ಬರೆದುಕೊಂಡು ಹೋಗುತ್ತಿದ್ದರು. ಜಿಪಾರ್ ಮಾನಮರ್ಯಾದೆ ಬಲ್ಲ ಮನೆಯ ಹುಡುಗಿ. ಅವಳ ಆ ಮರ್ಯಾದೆಯೇ ಮುಳುವಾಯಿತು.

“ಬಿಡಿ ಎಜೆ, ಯಜಮಾನ್ರು ಬಂದ್ಮೇಲೆ ಕೇಳ್ಕೋತೀನಿ,” ಎಂದು ಹೆಸರಿನ ಖಾನೆಯಲ್ಲಿ ಪೆನ್ಸಿಲಿನಿಂದ ಒಂದು ಚುಕ್ಕೆ ಇಟ್ಟಳು. ಒಲೆಯ ಪಕ್ಕದ ಬಾಗಿಲಿಗೆ ಹೂವಿನ ಪರದೆಯೊಂದು ಇಳಿಬಿದ್ದಿತ್ತು. ಅಲ್ಲಿಯವರೆಗೆ ಅದರ ಹಿಂದಿನಿಂದ ಕೆಮ್ಮು ಕೇಳುತ್ತಲೇ ಇತ್ತು; ಆ ಕೋಣೆಯವರ ಮಾತು ಬಂದಾಗಿನಿಂದ ನಿಂತಿತ್ತು. ಒಳಗಿನವರು ಉಸಿರು ಹಿಡಿದು ಕೇಳುತ್ತಿದ್ದಾರೆ ಎಂದು ಅವಳಿಗೆ ಆಗಲೇ ಅನ್ನಿಸಿತ್ತು. ಹೊರಗೆ ವ್ಯಾನಿನವನು ಹಾರ್ನ್ ಒತ್ತಿದ. ಅವಳು ಎದ್ದಳು.

ಸಾಲು ಅಳಿಸಿದ ದಿನದಿಂದ ಆ ಕೆಮ್ಮು ಜಿಪಾರಳ ಬೆನ್ನು ಬಿಡಲಿಲ್ಲ. ಕ್ಯಾಂಟೀನಿನಲ್ಲಿ ಸಾಲಿಗೆ ನಿಂತರೆ ಹಿಂದೆ. ತರಗತಿಯಲ್ಲಿ ಕೂತರೆ ಗೋಡೆಯಾಚೆ. ಬಸ್ಸಿನಲ್ಲಿ ಕಿಟಕಿಗೆ ತಲೆ ಆನಿಸಿದರೆ ಹಿಂದಿನ ಸೀಟಿನಲ್ಲಿ. ಪ್ರತಿ ಸಲವೂ ಯಾರೋ ತಮ್ಮ ಸರದಿಗೆ ಕಾಯುತ್ತಾ ನಿಂತ ಹಾಗೆ, ತೊಂದರೆ ಕೊಡಬಾರದೆಂದು ಬಾಯಿಗೆ ಕೈ ಅಡ್ಡ ಹಿಡಿದ ಹಾಗೆ. ತಿರುಗಿದರೆ ಯಾರೂ ಇಲ್ಲ, ಅಥವಾ ಯಾರೋ ಚಿಕ್ಕ ಪ್ರಾಯದ ಹುಡುಗ ಫೋನು ನೋಡುತ್ತಿರುತ್ತಿದ್ದ. ಅವಳು ದೆವ್ವ ನಂಬದವಳೇನಲ್ಲ, ನಂಬುತ್ತಿದ್ದಳು. ಆದರೆ ಹಾಗೆ ಬರುವವರು ಸತ್ತವರು ತಾನೇ, ಇವರು ಬದುಕಿದ್ದಾರಲ್ಲ ಎಂದು ತನ್ನಷ್ಟಕ್ಕೆ ವಾದ ಹೂಡಿ ಧೈರ್ಯ ತಂದುಕೊಳ್ಳುತ್ತಿದ್ದಳು.

ಮುಂದಿನ ವಾರದ ಬುಧವಾರ ಕುಲಿಪಾ ಎಜೆ ನಾಲ್ವರ ಕೋಷ್ಟಕಗಳನ್ನೂ ಗೋಡೆಯ ಮೇಲೆ ಬೆಳಕು ಬಿಟ್ಟು ತೋರಿಸಿದರು. ಮೂವರಿಗೆ ಚೆನ್ನಾಗಿ ಮಂಗಳಾರತಿಯಾಯಿತು. ಜಿಪಾರಳದು ಬಂದಾಗ ಮಾತ್ರ ಅವರ ಮುಖ ಅರಳಿತು.

“ನೋಡ್ರಪ್ಪಾ, ಕೆಲಸ ಅಂದ್ರೆ ಹೀಗಿರ್ಬೇಕು! ಹತ್ತು ಮನೇಲಿ ಒಂದು ಖಾನೆ ಖಾಲಿ ಇಲ್ಲ. ಬರೋ ವಸಂತದಲ್ಲಿ ರಾಜಧಾನೀಲಿ, ಬಿಷ್ಕೆಕ್‌ನ ಸಮ್ಮೇಳನದಲ್ಲಿ, ನಮ್ಮ ಕಾಲೇಜಿನ ಪರವಾಗಿ ಮಾತಾಡೋಳು ಇವಳೇ.”

ಎಲ್ಲರೂ ಚಪ್ಪಾಳೆ ತಟ್ಟಿದರು. ಚಪ್ಪಾಳೆ ನಿಲ್ಲುವುದನ್ನೇ ಕಾದಿದ್ದ ಹಾಗೆ ಬಾಗಿಲ ಬಳಿ ಎರಡು ಸಣ್ಣ ಕೆಮ್ಮು. ಜಿಪಾರ್ ಮೂರನೆಯದು ಬರುವವರೆಗೂ ಮೇಜು ಹಿಡಿದು ನಿಂತಿದ್ದಳು. ತರಗತಿ ಖಾಲಿಯಾದ ಮೇಲೆ ಎಜೆಯ ಹತ್ತಿರ ಹೋದಳು.

“ಎಜೆ, ಹದಿನೇಳರಲ್ಲಿ ಒಬ್ಬರನ್ನ ಅಳಿಸಿಬಿಟ್ಟೆ.”

“ಅಳಿಸಿಬಿಟ್ಟೆ ಅಂದ್ರೆ?”

“ಹೆಸರು ಸಿಗ್ಲಿಲ್ಲ. ಸೊಸೆ ಹೇಳೋ ಹಾಗಿರ್ಲಿಲ್ಲ. ಕಂಪ್ಯೂಟರ್ ತಗೋಳ್ಲಿಲ್ಲ. ಅದಕ್ಕೆ...”

“ಅಷ್ಟೇ ತಾನೇ, ಸೇರಿಸಿದ್ರಾಯ್ತು. ಮಗುನಾ, ದೊಡ್ಡೋರಾ?”

“ಅವಳ ಭಾವ. ಮೂರು ವರ್ಷದಿಂದ ಹಾಸಿಗೇಲಿದ್ದಾರೆ.”

“ಅಯ್ಯೋ ನಿನ್ನ! ನಾವು ಹುಡುಕಿಕೊಂಡು ಹೋಗಿದ್ದೇ ಅಂಥವರನ್ನಲ್ವೇನೇ?” ಎಜೆ ಕನ್ನಡಕ ತೆಗೆದರು. ಇನ್ನೂ ನಾಲ್ಕು ಬೈಗುಳ ಬರುತ್ತವೆಂದು ಜಿಪಾರ್ ತಲೆ ತಗ್ಗಿಸಿದಳು. ಬರಲಿಲ್ಲ. ಎಜೆ ನಮೂನೆಗಳ ಕಟ್ಟನ್ನು ಎಳೆದುಕೊಂಡು ಒಂದೊಂದನ್ನೇ ಮಗುಚತೊಡಗಿದರು.

“ನಲವತ್ತರಲ್ಲಿ ಎಷ್ಟು ಮನೇಲಿ ಸೊಸೇರು ಉತ್ತರ ಕೊಟ್ಟಿದ್ದಾರೆ, ಎಣಿಸು.”

ಎಣಿಸಿದರು. ಮೂವತ್ತೊಂದು.

“ಆ ಮೂವತ್ತೊಂದರಲ್ಲಿ ಅತ್ತೆನೋ ಮಾವನೋ ಇರೋದು ಎಷ್ಟರಲ್ಲಿ?”

“ಎರಡರಲ್ಲಿ.”

“ಉಳಿದ ಒಂಬತ್ತರಲ್ಲಿ?”

“ಏಳು, ಎಜೆ.”

ಕುಲಿಪಾ ಎಜೆ ಕಟ್ಟನ್ನು ಮುಚ್ಚಿ ಅದರ ಮೇಲೆ ಅಂಗೈ ಊರಿದರು. ಹರೆಯದವರು ದುಡಿಯಲು ಊರು ಬಿಟ್ಟಿದ್ದರೆ ಅರ್ಥವಾಗುತ್ತಿತ್ತು. ಆ ಹಳ್ಳಿಯ ಮುದುಕರೆಲ್ಲ ಎಲ್ಲಿಗೆ ಹೋದರು? ಎಲ್ಲಿಗೂ ಹೋಗಿರಲಿಲ್ಲ, ಒಲೆಯ ಹಿಂದಿನ ಕೋಣೆಗಳಲ್ಲಿ ಇದ್ದರು. ಅವರಿಲ್ಲವೆಂದು ಹೇಳುತ್ತಿದ್ದದ್ದು ಆ ಕಾಗದಗಳು ಮಾತ್ರ. ಆ ಯೋಚನೆ ಬಂದದ್ದೇ ಜಿಪಾರ್ ತಿರುಗಿ ನೋಡಿದಳು. ಇಷ್ಟು ದಿನ ಒಬ್ಬರು ಹಿಂದೆ ನಿಂತಿದ್ದರು, ಈಗ ಕೋಣೆ ತುಂಬಿದ ಹಾಗಿತ್ತು.

“ನಮ್ಮತ್ತೆ ಹೆಸರು ನಾನು ಇಪ್ಪತ್ತೆಂಟು ವರ್ಷದಿಂದ ಹೇಳಿಲ್ಲ,” ಎಂದರು ಎಜೆ, ಯಾರಿಗೋ ತಪ್ಪೊಪ್ಪಿಸುವವರ ಹಾಗೆ. “ಇನ್ನು ಮೇಲೂ ಹೇಳಲ್ಲ. ಅಂಥವಳು ಕೂತು ನಮೂನೆ ಬರೆದೆ, ಮೊದಲನೇ ಖಾನೆ ಹೆಸರಿನದು ಇಟ್ಟೆ, ಮನೆಗೆ ಒಬ್ಬರನ್ನ ಕೇಳಿದ್ರೆ ಸಾಕು ಅಂದೆ. ನಿನ್ನ ಬೈದು ಏನ್ ಮಾಡ್ಲಿ?” ಆಮೇಲೆ ಮೇಡಮ್ಮನ ದನಿ ಮರಳಿ ಬಂತು. “ಪಟ್ಟಿ ಶುಕ್ರವಾರ ಸಂಜೆ ಕೊಡ್ಬೇಕು. ನಾಳೆ ಬೆಳಿಗ್ಗೆ ನಾಲ್ವರೂ ಹೊರಡಿ. ನೀನು ಹದಿನೇಳರಿಂದ ಶುರು ಮಾಡು. ಬಿಷ್ಕೆಕ್ ವಿಷಯ ಆಮೇಲೆ ನೋಡೋಣ.”

ಬಿಷ್ಕೆಕ್ಕಿನ ಆಸೆ ಜಿಪಾರಳಿಗೆ ಆಗ ನೆನಪಿಗೂ ಬರಲಿಲ್ಲ. ಹೋಗಿ, ಹೆಸರು ಕೇಳಿ, ಸಾಲು ಬರೆದುಬಿಟ್ಟರೆ ಸಾಕಾಗಿತ್ತು.

ಗುರುವಾರ ಕರಾ-ಬುಲುಂಗಿನಲ್ಲಿ ಮೊಣಕಾಲು ಮಟ್ಟ ಹಿಮ. ಹದಿನೇಳನೇ ಮನೆಯ ಬೇಲಿಯ ಬಾಗಿಲು ತೆರೆದ ಜಿಪಾರ್ ಅಲ್ಲೇ ನಿಂತಳು. ಅಂಗಳದ ನಡುವೆ ದೊಡ್ಡದೊಂದು ದುಂಡನೆಯ ಜಾಗದಲ್ಲಿ ಹಿಮ ತೆಳ್ಳಗಿತ್ತು, ತುಳಿದ ಹುಲ್ಲು, ಬೂದಿ ಕಾಣುತ್ತಿತ್ತು. ಅಲ್ಲಿ ವಾರದ ಹಿಂದೆ ಕಂಬಳಿ ಡೇರೆ ನಿಂತಿತ್ತು. ಅಂಥ ಚಳಿಯಲ್ಲಿ ಅಂಗಳದಲ್ಲಿ ಡೇರೆ ಎತ್ತುವುದು ಒಂದೇ ಕಾರಣಕ್ಕೆ, ಹೆಣ ಮಲಗಿಸಲು. ಹಿಂದೆ ಕೆಮ್ಮು ಕೇಳುತ್ತದೇನೋ ಎಂದು ಕಿವಿಗೊಟ್ಟಳು. ಕೇಳಿದ್ದರೆ ವಾಸಿಯಿತ್ತು.

ಒಳಗೆ ನಾಜಿರಾ ಎಣ್ಣೆಯಲ್ಲಿ ಬೋರ್ಸೋಕ್ ಎಂಬ ಹಿಟ್ಟಿನ ತುಣುಕುಗಳನ್ನು ಕರಿಯುತ್ತಿದ್ದಳು. ಸತ್ತವರು ಗುರುವಾರ ಗುರುವಾರ ತಮ್ಮ ಮನೆಗೆ ಬರುತ್ತಾರೆ, ಎಣ್ಣೆಯ ಘಮವೇ ಅವರಿಗೆ ಊಟ. ಜಿಪಾರ್ ಕೂತು ಅಂಗೈಗಳನ್ನು ಬಿಡಿಸಿ, ಬಾಯಲ್ಲೇ ಪ್ರಾರ್ಥನೆ ಹೇಳಿ, ಮುಖಕ್ಕೆ ಸವರಿಕೊಂಡಳು. ಒಲೆಯ ಪಕ್ಕದ ಪರದೆಯನ್ನು ಬದಿಗೆ ಕಟ್ಟಿದ್ದರು. ಹಾಸಿಗೆ ಸುತ್ತಿಟ್ಟಿತ್ತು.

“ಯಾವಾಗ ಎಜೆ?”

“ಹೋದ ವಾರ. ಮಂಗಳವಾರ.”

ಅವಳು ಸಾಲು ಅಳಿಸಿದ್ದೂ ಅವತ್ತೇ. ಎಷ್ಟು ಹೊತ್ತಿಗೆ ಎಂದು ಕೇಳುವ ಧೈರ್ಯ ಅವಳಿಗೆ ಬರಲಿಲ್ಲ.

ನಾಜಿರಾ ಜಾಲರಿ ಸೌಟಿನಲ್ಲಿ ಬೋರ್ಸೋಕ್ ತಿರುವಿ ಹಾಕುತ್ತಾ ತಾನಾಗಿ ಹೇಳತೊಡಗಿದಳು. “ಅವತ್ತು ನೀನು ಅತ್ಲಾಗೆ ಹೋದೆ, ಇತ್ಲಾಗೆ ನನ್ನ ಕರೆದ್ರು. ಆ ಹುಡುಗಿ ನನ್ನ ಬರ್ಕೊಂಡ್ಳಾ ಅಂದ್ರು. ಹೂಂ, ಬರ್ಕೊಂಡ್ಳು ಅಂದೆ. ಹೆಸರೂ ಬರೆದ್ಳಾ ಅಂದ್ರು. ಅದನ್ನೂ ಬರೆದ್ಳು ಅಂದುಬಿಟ್ಟೆ. ಹೆಸರು ಹೇಳಿದ್ದು ಯಾರು ಅಂತ ಕೇಳ್ಬಹುದಿತ್ತು, ಕೇಳ್ಲಿಲ್ಲ. ಆಮೇಲೆ ದಿನಾ ಅದೇ ಮಾತು. ನರ್ಸ್ ಯಾವತ್ತು ಬರ್ತಾಳೆ? ಜನವರೀಲಿ ಅಂದ್ರೂ ಬಿಡ್ಲಿಲ್ಲ. ದೊಡ್ಡ ಮಗನ ಕೈಲಿ ಗಡ್ಡ ಕತ್ತರಿಸಿಕೊಂಡ್ರು. ಬಂದೋಳು ಎಲ್ಲಿ ಕೂತ್ಕೋತಾಳೆ ಅಂತ ಹಾಸಿಗೆ ಪಕ್ಕ ಕುರ್ಚಿ ಹಾಕಿಸಿದ್ರು. ಆ ಕುರ್ಚಿ ಮೇಲೆ ಯಾರೂ ಬಟ್ಟೆ ಇಡೋ ಹಾಗಿಲ್ಲ, ಬಯ್ಯೋರು.”

ಜಿಪಾರ್ ಮಡಿಲಲ್ಲಿದ್ದ ಚೀಲವನ್ನು ನೆಲಕ್ಕಿಟ್ಟಳು.

“ನೀನು ಬರೆದಿದ್ದೆ ಅಲ್ವಾ?” ನಾಜಿರಾ ಮೊದಲ ಸಲ ತಿರುಗಿ ಅವಳ ಮುಖ ನೋಡಿದಳು. “ಹೆಸರಿಲ್ದಿದ್ರೂ ಅವರನ್ನ ಬರೆದಿದ್ದೆ ತಾನೇ? ನಾನು ಹೇಳಿದ್ದು ಪೂರ್ತಿ ಸುಳ್ಳಾಗ್ಲಿಲ್ಲ ತಾನೇ?”

ಹೂಂ ಎಂದುಬಿಟ್ಟರೆ ಮುಗಿಯುತ್ತಿತ್ತು. ಲೆಕ್ಕ ಹಾಕಿ ನೋಡಿದರೂ ಜನವರಿಗೆ ಮೊದಲು ಯಾವ ನರ್ಸೂ ಬರುತ್ತಿರಲಿಲ್ಲ. ಸಾಲು ಇದ್ದರೂ ಇಲ್ಲದಿದ್ದರೂ ಮಂಗಳವಾರ ಮಂಗಳವಾರವೇ ಆಗುತ್ತಿತ್ತು. ಸಾವಿನ ಮನೆಯ ಹೆಂಗಸಿಗೆ ಒಂದು ಹೂಂ ಕೊಟ್ಟರೆ ಪಾಪವೇನೂ ಬರುವುದಿಲ್ಲ. ಜಿಪಾರ್ ಬಾಯಿ ತೆರೆದಳು. ಮಾತು ಹೊರಡುವ ಮುಂಚೆಯೇ ಅಳು ಬಂತು.

“ಬರೆದಿದ್ದೆ ಎಜೆ. ಆಮೇಲೆ ಅಳಿಸಿದೆ. ಹೆಸರಿಲ್ಲ ಅಂತ ಕಂಪ್ಯೂಟರ್ ತಗೋಳ್ಲಿಲ್ಲ, ನಾನು ಅಳಿಸಿಬಿಟ್ಟೆ. ಮನೇಲಿ ಐದೇ ಜನ ಅಂತ ಹಾಕ್ದೆ.”

ಎಣ್ಣೆಯಲ್ಲಿದ್ದ ಬೋರ್ಸೋಕ್ ಕಪ್ಪಾಗುತ್ತಿದ್ದವು. ನಾಜಿರಾ ನಿಧಾನವಾಗಿ ಅವನ್ನು ಎತ್ತಿ ತಟ್ಟೆಗೆ ಹಾಕಿದಳು, ಬಾಣಲೆಯನ್ನು ಇಳಿಸಿದಳು, ಕೈ ಒರೆಸಿಕೊಂಡಳು. ಆಮೇಲೆ ಕೈ ಚಾಚಿದಳು.

“ಕಾಗದ ಕೊಡು. ಪೆನ್ನೂ ಕೊಡು.”

ಹದಿನೇಳನೇ ನಮೂನೆಯನ್ನು ಮೊಣಕಾಲ ಮೇಲಿಟ್ಟುಕೊಂಡು, ಪೆನ್ಸಿಲಿನ ಚುಕ್ಕೆಯ ಮೇಲೆಯೇ, ಶಾಲೆಯ ಮಕ್ಕಳ ಹಾಗೆ ದುಂಡಗೆ ಬರೆದಳು: ಶಾರ್ಶೆನ್. ಬರೆಯುವಾಗ ತುಟಿ ಬಿಗಿದುಕೊಂಡಿದ್ದಳು.

“ಬಾಯಲ್ಲಿ ಅನ್ನಬಾರದು, ಅಷ್ಟೇ. ಬರೀಬಾರದು ಅಂತ ನಂಗ್ಯಾರೂ ಹೇಳಿಲ್ಲ,” ಎಂದಳು. “ಅವತ್ತು ಪೆನ್ನು ನಿನ್ನ ಕೈಲೇ ಇತ್ತು.”

“ನಂಗೆ ಹೊಳೀಲಿಲ್ಲ ಎಜೆ.”

“ಪರದೆ ನಾಲ್ಕು ಹೆಜ್ಜೆ ದೂರ. ಅವರಿಗೆ ಕಾಲಿರ್ಲಿಲ್ಲ, ಬಾಯಿತ್ತು. ಒಂದ್ಸಲ ಸರಿಸಿ, ಏನ್ ನಿಮ್ಮ ಹೆಸರು ಅಂತ ಕೇಳಿದ್ರೆ ಅವರೇ ಹೇಳ್ತಿದ್ರು. ಎಷ್ಟು ಖುಷಿಯಾಗಿ ಹೇಳ್ತಿದ್ರು.” ಅವಳು ನಮೂನೆಯನ್ನು ಜಿಪಾರಳ ಕೈಗೆ ಮರಳಿಸಿದಳು. “ನಿನ್ನೊಬ್ಬಳನ್ನೇ ಏನಂತ ಅನ್ಲಿ? ಹೋಗಿ ಕೇಳು ಅಂತ ನಾನೂ ಅನ್ಲಿಲ್ಲ. ಇಬ್ರೂ ಸೇರೇ ಅವರನ್ನ ಇಲ್ಲ ಅನ್ನಿಸಿದ್ವಿ. ಈಗ ಬರೆದು ಏನ್ ಬಂತು?”

“ಬರೀಬೇಕು ಎಜೆ. ಅಕ್ಟೋಬರ್ ಹತ್ತನೇ ತಾರೀಕು ಮನೇಲಿ ಯಾರಿದ್ರೋ ಅವರನ್ನ ಬರೆಯೋದು ನಿಯಮ. ಅವತ್ತು ಅವರಿದ್ರು.”

“ಇದ್ರು,” ಎಂದಳು ನಾಜಿರಾ. ಇಬ್ಬರೂ ಸ್ವಲ್ಪ ಹೊತ್ತು ಸುತ್ತಿಟ್ಟ ಹಾಸಿಗೆಯ ಕಡೆ ನೋಡಿದರು. ಪಕ್ಕದಲ್ಲಿ ಕುರ್ಚಿ ಹಾಗೇ ಇತ್ತು.

ಜಿಪಾರ್ ಹೊರಡಲೆಂದು ಎದ್ದಾಗ ನಾಜಿರಾ ಬಿಸಿ ಬೋರ್ಸೋಕ್ ಒಂದನ್ನು ಅವಳ ಅಂಗೈಗೆ ಹಾಕಿದಳು. “ತಿಂದು ಹೋಗು. ಸಿಟ್ಟಿಲ್ಲ ಅಂತಲ್ಲ, ಸಿಟ್ಟಿದೆ. ಆದ್ರೂ ಇದು ಅವರ ಪಾಲಿನದು, ಬೇಡ ಅನ್ಬಾರ್ದು.” ಜಿಪಾರ್ ಅಳುತ್ತಲೇ ತಿಂದಳು. ಬಾಗಿಲವರೆಗೂ ಬಂದ ನಾಜಿರಾ ಬೀದಿಯ ಕೊನೆಯತ್ತ ಕೈ ತೋರಿಸಿದಳು.

“ಆ ಮೂಲೆ ಮನೆಗೂ ನೀನೇ ಹೋಗಿದ್ದಲ್ವಾ? ಎಷ್ಟು ಜನ ಅಂತ ಬರ್ದಿದೀಯ?”

ಜಿಪಾರ್ ಚೀಲದಿಂದ ಹತ್ತೊಂಬತ್ತನೇ ನಮೂನೆ ತೆಗೆದಳು. ಗಂಡ, ಹೆಂಡತಿ, ಎರಡು ಮಕ್ಕಳು. ನಾಲ್ಕೂ ಸಾಲಿಗೆ ಅಚ್ಚುಕಟ್ಟಾಗಿ ಹೆಸರಿತ್ತು. ಒಂದು ಚುಕ್ಕೆಯೂ ಇರಲಿಲ್ಲ, ಅಳಿಸುವುದಕ್ಕೂ ಏನೂ ಇರಲಿಲ್ಲ.

“ನಾಲ್ಕು.”

“ಐದು. ಅತ್ತೆ ಇದ್ದಾರೆ. ಎರಡೂ ಕಣ್ಣು ಕಾಣಲ್ಲ. ನೆಲ ಬಿಟ್ಟು ಎದ್ದು ಎರಡು ಚಳಿಗಾಲ ಆಯ್ತು. ಹೋಗು, ಇವತ್ತೇ ಹೋಗು.”

ಮೂಲೆ ಮನೆಗೆ ಅವಳು ಓಡಿಕೊಂಡೇ ಹೋದಳು. ಬಾಗಿಲು ತೆರೆದ ಸೊಸೆ ಚಿಕ್ಕ ಪ್ರಾಯದವಳು, ತನಗಿಂತ ಒಂದೆರಡು ವರ್ಷ ದೊಡ್ಡವಳಿರಬಹುದು. “ಅವತ್ತು ಎಲ್ಲ ಹೇಳಿದ್ನಲ್ಲ?” ಎಂದವಳು, ಜಿಪಾರಳ ಮುಖ ನೋಡಿ ಮುಂದೆ ಏನೂ ಕೇಳದೆ ದಾರಿ ಬಿಟ್ಟಳು. ಜಿಪಾರ್ ಒಲೆಯ ಪಕ್ಕಕ್ಕೆ ಹೋಗಿ ತಾನೇ ಪರದೆ ಸರಿಸಿದಳು.

ಕಿರಿದಾದ ಕೋಣೆ. ಗೋಡೆಗೆ ಒರಗಿದ ದಿಂಬುಗಳ ನಡುವೆ ಒಂದು ಹಣ್ಣು ಮುದುಕಿ, ಬಿಳಿಯ ತಲೆವಸ್ತ್ರ, ಮಡಿಲಲ್ಲಿ ಎರಡು ಕೈ. ಕಾಲಿನ ಸದ್ದು ಬಂದ ಕಡೆಗೆ ಮುಖ ತಿರುಗಿಸಿದಳು.

“ಯಾರದು? ನಮ್ಮನೆಯೋರ ಹೆಜ್ಜೆ ಅಲ್ಲ ಇದು.”

“ನಾರಿನ್‌ನಿಂದ ಬಂದಿದೀನಿ ಅಪಾ. ಕಾಲೇಜಿನವಳು.” ಅಜ್ಜಿಯನ್ನು ಕರೆಯುವ ಹಾಗೆ ಅಪಾ ಎಂದು ಕರೆದು, ಜಿಪಾರ್ ಮಂಡಿಯೂರಿ ಹತ್ತಿರ ಕೂತಳು. “ಜನವರಿಯಿಂದ ಮನೆಗೆ ನರ್ಸ್ ಬರ್ತಾರೆ. ಪಟ್ಟೀಲಿ ನಿಮ್ಮನ್ನ ಬರ್ಕೋಬೇಕು. ನಿಮ್ಮ ಹೆಸರೇನು?”

ಮುದುಕಿಯ ತುಟಿಗಳು ಒಂದೆರಡು ಸಲ ಆಡಿದವು, ಎಲ್ಲೋ ಇಟ್ಟು ಮರೆತದ್ದನ್ನು ತಡಕುವವರ ಹಾಗೆ. ಬಾಗಿಲಲ್ಲಿ ನಿಂತಿದ್ದ ಸೊಸೆ ತಲೆ ತಗ್ಗಿಸಿದಳು.

“ಉಮ್ಸುನಾಯ್,” ಎಂದಳು ಮುದುಕಿ.

ಜಿಪಾರ್ ಬರೆದಳು. ಪೆನ್ನಿನ ಕರಕರ ಸದ್ದು ನಿಲ್ಲುವವರೆಗೂ ಮುದುಕಿ ಕಿವಿಯನ್ನು ಈ ಕಡೆಗೇ ಇಟ್ಟುಕೊಂಡಿದ್ದಳು.

“ಬರೆದ್ಯಾ?”

“ಬರೆದೆ ಅಪಾ.”

“ಏನ್ ಬರ್ದಿದೀಯ, ಓದು.”

“ಉಮ್ಸುನಾಯ್,” ಎಂದು ಜಿಪಾರ್ ಓದಿದಳು.

ಮುದುಕಿ ಕಾಣದ ಕಣ್ಣು ಮುಚ್ಚಿಕೊಂಡಳು. “ನಮ್ಮೆಜಮಾನ್ರು ಹೋದ್ಮೇಲೆ ಈ ಮನೇಲಿ ನನ್ನ ಹಂಗೆ ಕರೆಯೋರು ಯಾರೂ ಉಳಿದಿಲ್ಲ,” ಎಂದಳು. ತಡಕಾಡಿ ಜಿಪಾರಳ ಮಣಿಕಟ್ಟು ಹಿಡಿದುಕೊಂಡಳು. ಹಿಡಿತ ಗಟ್ಟಿಯಾಗಿತ್ತು.

“ಇನ್ನೊಂದ್ಸಲ ಓದು ಮಗಳೇ.”